ನಾಶಪ್ರಮಾಣಪತ್ರಗಳಿಗೆ ರುಜು ಹಾಕುವ ಮಹನೀಯರಿಗೆ ಒಂದು ಬಹಿರಂಗ ಪತ್ರ

ಶ್ರೀಮನ್ಮಹನೀಯರೇ,

ಹಳೆಯ ಹಾರ್ಡ್ ಡಿಸ್ಕುಗಳನ್ನೂ ಮೆಮೊರಿ ಕಾರ್ಡುಗಳನ್ನೂ ಯಂತ್ರದ ಬಾಯಿಗೆ ಕೊಟ್ಟು, ಹೊರಬಿದ್ದ ಚೂರುಗಳತ್ತ ಕಣ್ಣೆತ್ತಿಯೂ ನೋಡದೆ, ಯಂತ್ರ ಮಾರಿದವರ ಕರಪತ್ರದಲ್ಲಿ ಅಚ್ಚಾದ ಅಳತೆಯನ್ನೇ ಭಕ್ತಿಪೂರ್ವಕವಾಗಿ ನಕಲುಮಾಡಿ ರುಜು ಹಾಕುವ ತಮ್ಮ ಶ್ರದ್ಧೆಯನ್ನು ಕೊಂಡಾಡುವುದಕ್ಕೆಂದೇ ಈ ಪತ್ರವನ್ನು ಬರೆಯುತ್ತಿದ್ದೇನೆ. ಪ್ರತ್ಯಕ್ಷ, ಅನುಮಾನ, ಶಬ್ದಗಳೆಂಬ ಪ್ರಮಾಣಗಳಲ್ಲಿ ಮೊದಲೆರಡನ್ನು ತ್ಯಜಿಸಿ ಮೂರನೆಯದೊಂದನ್ನೇ ಹಿಡಿಯುವ ಸಾಹಸವನ್ನು ನಮ್ಮ ದಾರ್ಶನಿಕರೂ ಮಾಡಿದಂತಿಲ್ಲ.

ಜರ್ಮನರು 2012ರಲ್ಲಿ ಡಿಐಎನ್ 66399 ಎಂಬ ಮಾನದಂಡವನ್ನು ರಚಿಸಿ, ಕಾಗದಕ್ಕೊಂದು, ಹಾರ್ಡ್ ಡಿಸ್ಕಿಗೊಂದು, ಚಿಪ್ಪಿಗೊಂದು ಎಂದು ಬೇರೆಬೇರೆ ಅಳತೆಗಳನ್ನು ವಿಧಿಸಿದರು. 2018ರಲ್ಲಿ ಅದು ಐಎಸ್‌ಒ/ಐಇಸಿ 21964 ಆಗಿ ಲೋಕಮಾನ್ಯವಾಯಿತು. ಅದರ ಐದನೆಯ ಭದ್ರತಾ ದರ್ಜೆಯಲ್ಲಿ ಡಿಸ್ಕಿನ ಚೂರು 320 ಚದರ ಮಿಲಿಮೀಟರ್ ಇರಬಹುದು, ಚಿಪ್ಪಿನದು 10ನ್ನು ಮೀರಕೂಡದು. ತಾವಾದರೋ ಸಮದರ್ಶಿಗಳು, ಎರಡಕ್ಕೂ ಮೊದಲನೆಯದನ್ನೇ ಅನ್ವಯಿಸುತ್ತೀರಿ. ಆದ್ದರಿಂದಲೇ 15 ಮಿಲಿಮೀಟರ್ ಉದ್ದ, 11 ಮಿಲಿಮೀಟರ್ ಅಗಲದ ಮೈಕ್ರೋ ಎಸ್‌ಡಿ ಕಾರ್ಡೊಂದು, ಅಲಗಿನ ಗಾಳಿಯೂ ಸೋಕದೆ ಇಡಿಯಾಗಿ ಹೊರಬಂದರೂ, 165 ಚದರ ಮಿಲಿಮೀಟರಿನ ‘ಚೂರು’ ಎಂದು ತಮ್ಮ ಕಡತದಲ್ಲಿ ಸದ್ಗತಿಯನ್ನು ಪಡೆಯುತ್ತದೆ. ಒಳಗಿನ ಚಿತ್ರಗಳಿಗೂ ಲೆಕ್ಕಪತ್ರಗಳಿಗೂ ತಂತಮ್ಮ ಸಾವಿನ ಸುದ್ದಿ ತಲಪಿರುವುದಿಲ್ಲವಷ್ಟೆ.

ಯಂತ್ರದಡಿಯಲ್ಲಿ ಜರಡಿಯಿದೆಯಲ್ಲವೆ ಎನ್ನುವಿರಿ. ರಂಧ್ರಕ್ಕೆ ಗೊತ್ತಿರುವುದು ಅಗಲವೊಂದೇ. ನೀಳವಾದ ಚೂರು ನೆಟ್ಟಗೆ ನಿಂತು ನಿರಾಯಾಸವಾಗಿ ಜಾರಿಹೋಗುತ್ತದೆ. ಕುಲುಕಿದ ಪೆಟ್ಟಿಗೆಯಲ್ಲಿ ಪುಡಿ ತಳಕ್ಕಿಳಿದು ದಪ್ಪ ಚೂರುಗಳು ಮೇಲೇರುವುದನ್ನು ಬಲ್ಲ ತಾವು, ಪರೀಕ್ಷಕರು ಬಂದ ದಿನ ಮಾದರಿಯ ಹಿಡಿಯನ್ನು ತಳದಿಂದಲೇ ಎತ್ತಿಕೊಡುವಿರೆಂಬುದನ್ನು ನಾನು ವಿನಯವೆಂದೇ ಭಾವಿಸಿದ್ದೇನೆ. ಅಲಗು ಸವೆದಂತೆ ಚೂರು ಹಿಗ್ಗುತ್ತದೆಂಬ ಕ್ಷುದ್ರ ವಿಚಾರವನ್ನು ಇಲ್ಲಿ ಎತ್ತುವುದಿಲ್ಲ.

ಅಮೆರಿಕದ ಮಾರ್ಗನ್ ಸ್ಟ್ಯಾನ್ಲಿ ಎಂಬ ಹಣಕಾಸು ಸಂಸ್ಥೆಯವರು ತಮಗಿಂತಲೂ ಮುಂದುವರಿದವರು. ಡೇಟಾನಾಶದ ಅನುಭವವಿಲ್ಲದ, ಸಾಮಾನು ಸಾಗಿಸುವ ಕಂಪನಿಯೊಂದಕ್ಕೆ ಹಳೆಯ ಉಪಕರಣಗಳನ್ನು ಒಪ್ಪಿಸಿದರು. ಅವುಗಳಲ್ಲಿ ಕೆಲವು ಗ್ರಾಹಕರ ವಿವರಗಳ ಸಮೇತ ಅಂತರ್ಜಾಲದ ಹರಾಜಿನಲ್ಲಿ ಬಿಕರಿಯಾದುವೆಂದು ಅಲ್ಲಿನ ಷೇರು ವಿನಿಮಯ ಆಯೋಗ ಹೇಳಿತು. 2022ರಲ್ಲಿ ಅವರು ತೆತ್ತ ದಂಡ 3.5 ಕೋಟಿ ಡಾಲರ್. ಆ ಹಣದಲ್ಲಿ ಎಷ್ಟು ಕ್ಯಾಲಿಪರುಗಳು ಬರುತ್ತಿದ್ದುವೆಂಬ ಗಣಿತವನ್ನು ತಮಗೇ ಬಿಡುತ್ತೇನೆ.

ನನ್ನ ಕೋರಿಕೆ ಅಲ್ಪ. ಮುಂದಿನ ಸಲ ರುಜು ಹಾಕುವ ಮೊದಲು ಪೆಟ್ಟಿಗೆಯ ಮೇಲಿಂದಲೂ ಒಂದು ಹಿಡಿ ತೆಗೆದು, ಹರಡಿ, ಅಳೆದು ನೋಡಿ. ಸಾಕ್ಷ್ಯಕ್ಕೆಂದು ಆ ಚೂರುಗಳನ್ನು ಮಾತ್ರ ನನಗೆ ಅಂಚೆಯಲ್ಲಿ ಕಳುಹಿಸಬೇಡಿ. ಯಾರ ಉಳಿತಾಯ ಖಾತೆ ನನ್ನ ಮನೆಗೆ ಬಂದು ತಲಪೀತೋ!

ಇತಿ,
ತಮ್ಮ ಪ್ರಮಾಣಪತ್ರದ ಆಶ್ರಯದಲ್ಲಿರುವ ಒಬ್ಬ ಗ್ರಾಹಕ