ಅಲ್ಲಿಂದ ಇಲ್ಲಿಗೂ ಕಾಣುತ್ತೆ ಸ್ವಾಮಿ!

ಹಾಸ್ಯಗೋಷ್ಠಿಗೆ ಹೋಗಿದ್ರಂತೆ? ಹೋಗೇ ಇರ್ತೀರಿ ಬಿಡಿ. ಸಾಹಿತ್ಯ ಸಮ್ಮೇಳನದಲ್ಲಿ ವಿಮರ್ಶೆಯ ಗೋಷ್ಠಿ ನಡೆಯುವಾಗ ಕಡಲೆಕಾಯಿ ತಿಂತಾ ಮಳಿಗೆ ಸುತ್ತುವವರು, ಹಾಸ್ಯಗೋಷ್ಠಿ ಅಂತ ಮೈಕಿನಲ್ಲಿ ಕೂಗಿದ್ದೇ ತಡ, ಪೆಂಡಾಲಿಗೆ ನುಗ್ಗಿ ಅಕ್ಕಪಕ್ಕದ ಕುರ್ಚಿಗಳನ್ನೂ ಹಿಡಿದಿರ್ತೀರಿ. (ಒಂದಕ್ಕೆ ಕರ್ಚೀಫು, ಇನ್ನೊಂದಕ್ಕೆ ಆಹ್ವಾನಪತ್ರಿಕೆ. ಸುಳ್ಳಾ?)

ಕೂತ ಮೇಲೆ ಕೈ ಕಟ್ತೀರಿ ನೋಡಿ, ಆ ಗತ್ತೇ ಬೇರೆ. ‘ಎಲ್ಲಿ, ನಗಿಸಿ ನೋಡೋಣ’ ಅನ್ನೋ ಹಾಗೆ. ಪ್ರಾಣೇಶ್, ಕೃಷ್ಣೇಗೌಡರ ಮಾತು ಕೇಳಿ ಕೇಳಿ ನಿಮಗೆ ನಿಮಿಷಕ್ಕೊಂದು ಚಪ್ಪಾಳೆ ಅಭ್ಯಾಸ. ಆದರೆ ಇವತ್ತು ವೇದಿಕೆ ಮೇಲೆ ಕೂತಿರೋರು ಬರೆಯೋರು ಕಣ್ರೀ!

ಕನ್ನಡಕಕ್ಕೆ ತಡಕಾಡಿ, ಜೇಬಿಂದ ನಾಲ್ಕು ಮಡಿಕೆಯ ಹಾಳೆ ಬಿಡಿಸಿ, ಮೈಕು ಬಿಟ್ಟು ಹಾಳೆಗೇ ಬಾಯಿ ಹತ್ತಿರ ಇಟ್ಟು ಓದ್ತಾರೆ. ನಗು ಎಲ್ಲೋ ವಾಕ್ಯದ ಸಂದಿಯಲ್ಲಿ ಅವಿತಿರುತ್ತೆ. ನೀವದನ್ನ ಹಿಡಿಯೋ ಹೊತ್ತಿಗೆ ಅವರು ಮುಂದಿನ ಪ್ಯಾರಾಕ್ಕೆ ಹೋಗಾಯ್ತು. ಆಗೇನ್ ಮಾಡ್ತೀರಿ? ಪಕ್ಕದವರು ನಕ್ಕಾಗ ನಕ್ಕುಬಿಡ್ತೀರಿ. (ಅವರೂ ನಿಮ್ಮನ್ನೇ ನೋಡ್ಕೊಂಡು ನಗ್ತಿದ್ರು. ಗೊತ್ತಾಗ್ಲಿಲ್ವಾ?)

ಅರ್ಥವಾಗಿ ನಗೋದೂ ಉಂಟು, ಇಲ್ಲ ಅನ್ನಲ್ಲ. ಜಿಪುಣನ ಕಥೆ ಬಂದ್ರೆ ಭಾವಮೈದುನನ್ನ ನೆನೆಸ್ಕೊಂಡು ನಗ್ತೀರಿ. ಗೊರಕೆ ಬಂದ್ರೆ ಮಾವನವರು. ಒಡವೆ ಜಂಭ ಬಂದ್ರೆ ವಾರಗಿತ್ತಿ. ಎಲ್ಲರಿಗೂ ಹಂಚಿ ಮುಗಿದ ಮೇಲೆ, ಮೊಬೈಲ್ ಬಿಡದವರ ಪ್ರಸಂಗ ಬಂತೂ ಅನ್ನಿ, ತಲೆ ತಗ್ಗಿಸಿ ಮೆಲ್ಲಗೆ ಮೊಬೈಲ್ ತೆಗೀತೀರಿ!

ನೀವೇನೋ ವೇದಿಕೆ ನೋಡೋಕೆ ಬಂದಿದ್ದೀರಿ. ಅಲ್ಲಿಂದ ಇಲ್ಲಿಗೂ ಚೆನ್ನಾಗಿ ಕಾಣುತ್ತೆ ಸ್ವಾಮಿ. ನಿಮ್ಮನ್ನ ನೋಡ್ತಿರೋದು ಇವತ್ತಿಂದಲ್ಲ, ನಮ್ಮ ಹಾಸ್ಯ ಬರಹಗಾರರ ಕಸುಬುಗಳನ್ನೇ ನೋಡಿ: ‘ಕೊರವಂಜಿ’ ಪತ್ರಿಕೆಯ ರಾಶಿ ಡಾಕ್ಟರು, ಬೀಚಿ ಪೊಲೀಸ್ ಇಲಾಖೆಯ ನೌಕರರು, ಡುಂಡಿರಾಜರು ಬ್ಯಾಂಕಿನಲ್ಲಿದ್ದವರು, ಭುವನೇಶ್ವರಿ ಹೆಗಡೆ ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಹೇಳಿದವರು. ಜ್ವರ ಅಂತ ಬಂದವರು ಸೊಸೆ ಪುರಾಣ ಬಿಚ್ಚಿಟ್ಟಿರ್ತಾರೆ, ಸಾಲಕ್ಕೆ ಬಂದವರು ಸಂಸಾರದ್ದು. ಹುಡುಕ್ಕೊಂಡು ಹೋಗಿ ಸರಕು ಕೊಟ್ಟವರು ನೀವೇ ಅಲ್ವೇ? ಈಗಲೂ ಟಿಕೆಟ್ಟಿಲ್ಲದ ಪ್ರದರ್ಶನ ಕೊಡ್ತಿರೋದು ನೀವೇ.

ಆ ಪ್ರದರ್ಶನ ಕಳೆ ಕಟ್ಟೋದು ಪ್ರಶ್ನೋತ್ತರದಲ್ಲಿ. ‘ನನ್ನದೊಂದು ಸಣ್ಣ ಪ್ರಶ್ನೆ’ ಅಂತ ಏಳ್ತೀರಿ. ಹುಟ್ಟೂರು, ರಿಟೈರ್ ಆದ ಹುದ್ದೆ, ಮಗ ಅಮೆರಿಕದಲ್ಲಿರೋದು ಎಲ್ಲ ಹೇಳಾದ ಮೇಲೆ, ಮೈಕ್ ಹಿಡಿದ ಹುಡುಗ ಕೈ ನೋವಾಗಿ ಇನ್ನೊಂದು ಕೈಗೆ ಬದಲಾಯಿಸಿಕೊಂಡ ಮೇಲೆ, ‘ಕೊರವಂಜಿ ಕಾಲದ ಹಾಸ್ಯ ಈಗೆಲ್ಲಿ ಸಾರ್?’ ಅಂತೀರಿ. ಪ್ರಶ್ನೆಯೋ ನಿಟ್ಟುಸಿರೋ, ವೇದಿಕೆಗೂ ಅನುಮಾನ.

ಅಲ್ಲಾ, 1942ರಲ್ಲಿ ಶುರುವಾಗಿ, ಆರ್.ಕೆ. ಲಕ್ಷ್ಮಣ್ ಕೈಲೂ ಚಿತ್ರ ಬರೆಸಿ, 25 ವರ್ಷ ನಡೆದು 1967ಕ್ಕೆ ನಿಂತ ಪತ್ರಿಕೆ ಅದು. ನೀವಾಗ ತೊಟ್ಟಿಲಲ್ಲಿದ್ರೋ, ಅದೂ ಇಲ್ವೋ? ಹೋಗ್ಲಿ, 1983ರಲ್ಲಿ ಅದರ ವಾರಸುದಾರನಾಗಿ ‘ಅಪರಂಜಿ’ ಬಂತಲ್ಲ, ಚಂದಾ ಕಟ್ಟಿದ್ರಾ? (ಯಾಕೆ ಕೆಮ್ಮು ಬಂತು?)

ಆಚೆ ಬಂದ್ರೆ ಪುಸ್ತಕದ ಟೇಬಲ್ಲು. ನಿಂತಲ್ಲೇ ಒಂದು ಪ್ರಬಂಧ ಓದಿ ಮುಗಿಸ್ತೀರಿ, ಲೇಖಕರ ಹೆಗಲ ಮೇಲೆ ಕೈ ಹಾಕಿ ಸೆಲ್ಫಿ ತಗೋತೀರಿ. ಆಮೇಲೆ ಕಿವಿ ಹತ್ತಿರ ಬಾಗಿ, ‘ಪಿಡಿಎಫ್ ಇದ್ರೆ ಕಳಿಸಿ ಸಾರ್’. ಪಾಪ, ಅವರು ನಕ್ಕು ಸುಮ್ಮನಾಗ್ತಾರೆ. ಜೇಬಿನ ಹಾಳೆಯಲ್ಲಿ ಇನ್ನೊಂದು ಮಗ್ಗುಲು ಖಾಲಿ ಇದೆ ನೋಡಿ.

ಮುಂದಿನ ತಿಂಗಳು ಅದೂ ತುಂಬಿ ಅಚ್ಚಾಗುತ್ತೆ. ಸಣ್ಣ ಪ್ರಶ್ನೆ ಕೇಳಿ ಪಿಡಿಎಫ್ ಬೇಡಿದ ಮಹಾಶಯರ ಮೇಲೆ ಒಂದೂವರೆ ಪುಟ. ನೀವು ಕಾಫಿ ಹೀರ್ತಾ ಓದಿ, ಬಿದ್ದು ಬಿದ್ದು ನಕ್ಕು, ಫೋಟೋ ಹೊಡೆದು (ಲೇಖಕರ ಹೆಸರು ಸರಿಯಾಗಿ ಕಟ್ಟಾಗಿರುತ್ತೆ) ಫ್ಯಾಮಿಲಿ ಗ್ರೂಪಿಗೆ ಹಾಕ್ತೀರಿ: ‘ಥೇಟ್ ನಮ್ಮ ಭಾವಮೈದ!’