ಒಂದು ಸ್ಕ್ರೂ ಮಿಕ್ಕಿತು

ನೂರಾರು ತಳಿಯ ಭತ್ತ ಉಳಿಸಿಕೊಂಡ ಊರು ನಮ್ಮ ಕಿರುಗಾವಲು. ಅವ್ವನ ಹಳೇ ಹೊಲಿಗೆ ಮಿಷಿನ್ ಒಂದನ್ನು ಉಳಿಸೋಕಾಗಲ್ವೇ ಅಂತ ಸ್ಕ್ರೂಡ್ರೈವರ್ ಹಿಡಿದು ಕೂತೆ. ತುಳಿದರೆ ಕದಲದು. ಹೋದ ವರ್ಷ ಎಣ್ಣೆ ಬಿಟ್ಟವನೂ ನಾನೇ. ಬಿಟ್ಟಿದ್ದು ಕೊಬ್ಬರಿ ಎಣ್ಣೆ! ಒಳಗೆಲ್ಲ ಅಂಟು. ಸೀಮೆಎಣ್ಣೆ ಹನಿಸಿ, ಚಕ್ರ ಆಡಿಸಿ, ಒರೆಸಿ, ಮಿಷಿನ್ ಎಣ್ಣೆ ಬಿಟ್ಟೆ. ಚಕ್ರವೇನೋ ತಿರುಗಿತು, ಬಟ್ಟೆಯ ಅಡಿಯಲ್ಲಿ ಮಾತ್ರ ದಾರದ ಗುಬ್ಬಿಗೂಡು.

ಅಡಿಯಲ್ಲಿ ಗಂಟಾದರೆ ತಪ್ಪು ಬಾಬಿನ್ನಿನದೇ ತಾನೆ? ಎಲ್ಲ ಬಿಚ್ಚಿ ಮೊರಕ್ಕೆ ಸುರಿದೆ. ಮತ್ತೆ ಜೋಡಿಸಿದಾಗ ಒಂದು ಸ್ಕ್ರೂ ಮಿಕ್ಕಿತು. ಮೆಲ್ಲಗೆ ಜೇಬಿಗಿಳಿಸಿದೆ.

"ಅಕ್ಕಿ ಕೇರೋ ಮೊರದಲ್ಲಿ ಇದೇನ್ಲಾ ಮಗ?" ಎನ್ನುತ್ತಾ ಬಂದ ಅವ್ವ, ಬಟ್ಟೆ ಒತ್ತುವ ಕಾಲನ್ನು ಮೇಲೆತ್ತಿ, ಮೇಲಿನ ದಾರವನ್ನು ಟೆನ್ಷನ್ ಬಿಲ್ಲೆಗಳ ನಡುವೆ ಎಳೆದು ಕೂರಿಸಿದಳು. ಗುಬ್ಬಿಗೂಡು ಮಾಯ! ಕೆಳಗಿನ ಗಂಟಿಗೆ ಮೇಲಿನವರೇ ಕಾರಣ. ಇದು ಪಂಚಾಯ್ತಿಯ ಮಾತಲ್ಲ, ಹೊಲಿಗೆಯದೇ.

ತುದಿಯಲ್ಲಿ ಕಣ್ಣಿರುವ ಸೂಜಿಯ ಮಿಷಿನ್‌ಗೆ ಅಮೆರಿಕದ ಎಲಿಯಾಸ್ ಹೋವ್ 1846ರಲ್ಲೇ ಪೇಟೆಂಟ್ ಪಡೆದ. ಸೂಜಿಗೆ ತುದಿಯಲ್ಲಾದರೂ ಕಣ್ಣಿದೆ. ನನಗೆ ಎರಡಿದ್ದೂ ಕಾಣಲಿಲ್ಲ.

ಮಿಷಿನ್ ಈಗ ಟಕಟಕ ಓಡುತ್ತಿದೆ. ಸ್ಕ್ರೂ ಇನ್ನೂ ಜೇಬಿನಲ್ಲೇ ಇದೆ. ಅವ್ವನಿಗೆ ಮಾತ್ರ ಹೇಳಬೇಡಿ.