ಎರಡು ಪಾಳಿ

ನಾಗನೂರಿನಾಗ ಡಿಸೆಂಬರ್ ಬಂತಂದ್ರ ಎಲ್ಲರೂ ಕಾಯೂದು ಒಂದ: ಕಬ್ಬಿನ ಕಟಾವಿನ ಪಾಳಿ. ಈ ವರ್ಷ ನಮ್ಮ ಮನ್ಯಾಗ ಎರಡು ಪಾಳಿ. ಎರಡನೇದು ಅಣ್ಣನ ಮಗಂದು: ಅಮೆರಿಕದಾಗ ಪಿಎಚ್‌ಡಿ ಮಾಡಾಕ ಅರ್ಜಿ ಹಾಕಿ, ಅಲ್ಲೀ ಪ್ರೊಫೆಸರಗ ಮೇಲ್ ಬರದು ಕುಂತಾನ.

"ಗಪ್ ಕುಂತ್ರ ಪಾಳಿ ಬರತೈತೇನೋ? ದಿನಾ ಮುಂಜಾನೆ ಎಂಟಕ್ಕ ಆ ಪ್ರೊಫೆಸರಗ ಫೋನ್ ಹಚ್ಚು" ಅಂದ ಅಣ್ಣ. ಅದು ಅವನ ಅನುಭವ. ಸಕ್ಕರಿ ಕಾರ್ಖಾನೆ ಫೀಲ್ಡ್‌ಮನ್‌ಗೆ ಹತ್ತು ಫೋನು, ನಾಕು ಚಹಾ ಆದಮ್ಯಾಲೇ ಕಟಾವಿನ ಗ್ಯಾಂಗು ಹೊಲಕ್ಕ ಇಳೀತದ.

"ಅಪ್ಪಾ, ಇಲ್ಲಿ ಮುಂಜಾನೆ ಎಂಟಾದ್ರ ನ್ಯೂಯಾರ್ಕಿನಾಗ ಹಿಂದಿನ ರಾತ್ರಿ ಒಂಬತ್ತೂವರೆ. ಮ್ಯಾಲ ಆರಿಸೂದು ಕಮಿಟಿ, ಅವರೊಬ್ಬರಲ್ಲ."

"ಕಮಿಟಿಯಾಗ ನಮ್ಮ ಕಡೀಯವ್ರು ಯಾರಿಲ್ಲೇನು?"

ಹುಡುಗ ಹಣಿ ಬಡಕೊಂಡ. ಅವನೂ ಭಾಳ ಶಾಣ್ಯಾ ಏನಲ್ಲ ಬಿಡ್ರಿ. ಮೊದಲ ಮೇಲ್‌ನ 'ರೆಸ್ಪೆಕ್ಟೆಡ್ ಸರ್' ಅಂತ ಶುರು ಮಾಡಿದ್ದ, ಪ್ರೊಫೆಸರ್ ಹೆಣ್ಮಗಳು! ಹೆಸರು ನೋಡಿ 'ಡಿಯರ್ ಪ್ರೊಫೆಸರ್' ಅಂದಿದ್ರ ಸಾಕಿತ್ತು. ಅರ್ಜಿ ಹಾಕಿದಮ್ಯಾಲ ಹೊಸ ಲೇಖನ ಅಚ್ಚಾಗಿದ್ರ, ಇಲ್ಲಾ ಬ್ಯಾರೆ ಕಡೆ ಸೀಟು ಸಿಕ್ಕು ಗಡುವು ಹತ್ರ ಬಂದಿದ್ರ ನಾಕು ಸಾಲು ಬರೀಬಹುದು. "ಏನಾತ್ರಿ?" ಅನ್ನಾಕಷ್ಟ ಬರದ್ರ ಅದು ಫೀಲ್ಡ್‌ಮನ್ ಚಹಾನ.

ಫೆಲೋಶಿಪ್ ಕೊಟ್ಟು ಕರದ್ರ, ಒಪ್ಪಾಕ ಅಲ್ಲಿ ಭಾಳಷ್ಟು ವಿಶ್ವವಿದ್ಯಾಲಯಗಳು ಏಪ್ರಿಲ್ 15ರ ತನಕ ಟೈಮ್ ಕೊಡತಾವು. ಇದನ್ನ ಕೇಳಿ ಅಣ್ಣ ಬೆರಗಾದ: "ತಾರೀಖು ಹೇಳಿ ಅದರಂಗ ನಡಕೋತಾರಾ?"

ಕಬ್ಬು ಜನವರಿಯಾಗ ಹೋತು. ಬಿಲ್ ಬಂದಿಲ್ಲ. ಮೇಲೂ ಬಂದಿಲ್ಲ.